ನಮ್ಮ ಬಾಲಿಕೆಯರೂ ಲೆಕ್ಕದ ಅಂದಾಜೂ



ಶಾಲೆಯ ಸ್ಮರಣ ಸಂಚಿಕೆಯೆಂದರೆ ಅದರಲ್ಲಿ ಕಟ್ಟಡದ ಚರಿತ್ರೆಯೂ ಹಿಂದಿನ ಗುರುಗಳ ಗುಣಸ್ಮರಣೆಯೂ ಆಟಪಾಟಗಳ ವರದಿಯೂ ಇರತಕ್ಕವು. ಅವುಗಳ ನಡುವೆ ಲೆಕ್ಕದ ವಿಷಯವನ್ನೆತ್ತಿದರೆ ಹಲವರು ಪುಟವನ್ನು ಮಗುಚಿಬಿಡುವರೆಂಬ ಅಂಜಿಕೆ ನಮಗೆ ಇಲ್ಲದಿಲ್ಲ. ಆದರೂ ಅದನ್ನೇ ಆರಿಸಿಕೊಂಡಿದ್ದೇವೆ. ಯಾಕಂದರೆ ಕೆಲವು ವರುಷಗಳಿಂದ ನಮ್ಮ ಬಳಿಗೆ ಬರುವ ಪಾಲಕರು, ಅಂಗಡಿಕಾರರು, ಕೆಲಸಕ್ಕೆ ಜನರನ್ನು ಆರಿಸತಕ್ಕ ಅಧಿಕಾರಿಗಳು ಇವರೆಲ್ಲರ ಬಾಯಲ್ಲಿಯೂ ಒಂದೇ ಮಾತನ್ನು ಕೇಳುತ್ತಿದ್ದೇವೆ: ಈಗಿನ ಮಕ್ಕಳಿಗೆ ಪದವಿ ಇದೆ, ಲೆಕ್ಕ ಬಾರದು. ಈ ಮಾತು ಎಷ್ಟರ ಮಟ್ಟಿಗೆ ನಿಜ, ನಿಜವಾದ ಪಕ್ಷಕ್ಕೆ ಮಕ್ಕಳಿಗೆ ಬಾರದೆ ಇರುವದು ಯಾವದು, ಅದಕ್ಕೆ ಶಾಲೆಯಲ್ಲಿಯೂ ಮನೆಯಲ್ಲಿಯೂ ಏನು ಮಾಡಬಹುದು ಎಂಬದನ್ನು ಇಲ್ಲಿ ವಿಚಾರಿಸುವೆವು.

ಮೊದಲು ನ್ಯಾಯದ ಮಾತೊಂದನ್ನು ಹೇಳಿಬಿಡಬೇಕು. ಹಿಂದಿನ ಕಾಲವನ್ನು ಹೊಗಳುವದು ಬಹು ಸುಲಭ. ಶಿಗ್ಗಾಂವಿ, ಹಾನಗಲ್ಲ, ಹಿರೇಕೆರೂರುಗಳು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದ್ದ ದಿವಸಗಳಲ್ಲಿ (ಸವಣೂರು ಆಗ ನವಾಬರ ಸಂಸ್ಥಾನವಾಗಿತ್ತು) ಮುಲ್ಕಿ ಪರೀಕ್ಷೆಯಲ್ಲಿ ಪಾಸಾದವನು ಶಾಲಾಮಾಸ್ತರನಾಗಬಹುದಾಗಿತ್ತು, ತಲಾಠಿಯಾಗಬಹುದಾಗಿತ್ತು. ಅಂಥವರ ಬಾಯಿಲೆಕ್ಕದ ಚುರುಕನ್ನು ಮುದುಕರು ಇಂದಿಗೂ ಕೊಂಡಾಡುತ್ತಾರೆ. ಅದು ಸುಳ್ಳಲ್ಲ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ ಇದ್ದ ಕಾಲದಲ್ಲಿ ಸಂತೆಗೆ ಹೋದ ಮಗುವು ಕಾಲು, ಅರೆ, ಮುಕ್ಕಾಲು, ಸವಾ, ದೀಡ ಎಂಬ ಮಗ್ಗಿಗಳನ್ನು ಬಾಯಲ್ಲಿಟ್ಟುಕೊಂಡೇ ಹೋಗಬೇಕಾಗಿತ್ತು. ಇಲ್ಲವಾದರೆ ಮೋಸಹೋಗಿ ಬರುತ್ತಿತ್ತು. 1957ನೆಯ ಇಸವಿಯ ಏಪ್ರಿಲ್ 1ರಿಂದ ರೂಪಾಯಿಗೆ ನೂರು ಪೈಸೆಯಾಯಿತು. ತರುವಾಯ ಸೇರು ಪಾವುಗಳು ಹೋಗಿ ಕಿಲೋಗ್ರಾಂ ಬಂತು. ಲೆಕ್ಕವು ಹಗುರಾಯಿತು. ಪೈಗಳನ್ನು ತಿರುಗಿ ತರಬೇಕೆಂದು ಯಾರೂ ಬೇಡಲಾರರು, ನಾವಂತೂ ಬೇಡೆವು. ಆದರೆ ಭಾರವನ್ನು ಇಳಿಸುವಾಗ ಆ ಭಾರವು ದಿನಾಲು ಮಾಡಿಸುತ್ತಿದ್ದ ಸಾಧನೆಯೂ ಅದರ ಕೂಡ ಇಳಿದುಹೋಯಿತು.

ಹಾಗಾದರೂ ಆ ಚುರುಕಾದ ಲೆಕ್ಕದವರು ಎಷ್ಟು ಜನರಿದ್ದರು? 1901ರ ಖಾನೇಸುಮಾರಿಯ ಪ್ರಕಾರ ಇಡೀ ಹಿಂದುಸ್ಥಾನದಲ್ಲಿ ಸಾವಿರ ಮಂದಿ ಸ್ತ್ರೀಯರೊಳಗೆ ಓದುಬರಹ ಬಲ್ಲವರು ಆರು ಮಂದಿ. 1951ರಲ್ಲಿಯಾದರೂ ನೂರಕ್ಕೆ ಒಂಬತ್ತು ತುಂಬಿರಲಿಲ್ಲ. 2011ರಲ್ಲಿ ನಮ್ಮ ಕರ್ನಾಟಕದ ಸ್ತ್ರೀಯರಲ್ಲಿ ನೂರಕ್ಕೆ 68 ಮಂದಿ ಅಕ್ಷರಸ್ಥರಾಗಿದ್ದರು. ಇಂದು ನಮ್ಮ ಎಂಟನೆಯ ಇಯತ್ತೆಯಲ್ಲಿ ಕುಳಿತಿರುವ ಹುಡುಗೆಯರಲ್ಲಿ ಹಲವರ ಅಜ್ಜಿಯರು ಶಾಲೆಯ ಹೊಸ್ತಿಲನ್ನು ಕಂಡವರಲ್ಲ. ಊರಿಗೆ ಇಬ್ಬರು ಮೂವರೆಂದು ಆರಿಸಿ ತೆಗೆದ ಆಗಿನವರನ್ನೂ, ಊರಿಗೆ ಊರೇ ಬಂದು ಕುಳಿತ ಈಗಿನವರನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವದು ನ್ಯಾಯವಲ್ಲ.

ಆದುದರಿಂದ ಮುದುಕರ ನೆನಪನ್ನು ಬಿಟ್ಟು ಅಳತೆ ಮಾಡಿದ ಸಂಗತಿಗಳನ್ನೇ ನೋಡೋಣ. ಪ್ರಥಮ್ ಎಂಬ ಸಂಸ್ಥೆಯವರು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಮಕ್ಕಳ ಕೈಯಿಂದ ಓದಿಸಿ, ಲೆಕ್ಕ ಮಾಡಿಸಿ, ಅಸರ್ ಎಂಬ ವರದಿಯನ್ನು ಪ್ರಕಟಿಸುತ್ತಾರೆ. ಅವರು ಕೇಳುವ ದೊಡ್ಡ ಲೆಕ್ಕವೆಂದರೆ ಮೂರಂಕಿಯ ಸಂಖ್ಯೆಯನ್ನು ಒಂದಂಕಿಯ ಸಂಖ್ಯೆಯಿಂದ ಭಾಗಿಸುವದು, ಇಷ್ಟೇ. ದೇಶದ ಹಳ್ಳಿಗಳ ಐದನೆಯ ಇಯತ್ತೆಯ ಮಕ್ಕಳಲ್ಲಿ ಇದನ್ನು ಮಾಡಬಲ್ಲವರು 2018ರಲ್ಲಿ ನೂರಕ್ಕೆ 27.9, 2022ರಲ್ಲಿ 25.6, 2024ರಲ್ಲಿ 30.7. ಎಂಟನೆಯ ಇಯತ್ತೆಯವರಲ್ಲಿ 2024ರಲ್ಲಿ 45.8. ಶಾಲೆಗಳು ಮುಚ್ಚಿದ್ದ ಕಾಲದ ಹೊಡೆತವು 2022ರ ಅಂಕಿಯಲ್ಲಿ ಕಾಣುತ್ತದೆ. 2020ರ ಮಾರ್ಚಿಯಲ್ಲಿ ಮುಚ್ಚಿದ ಬಾಗಿಲು ನಮ್ಮ ರಾಜ್ಯದಲ್ಲಿ ಒಂದರಿಂದ ಐದನೆಯ ಇಯತ್ತೆಯ ಮಕ್ಕಳಿಗೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಹೊಡೆತದಿಂದ ಚೇತರಿಸಿಕೊಂಡದ್ದೂ 2024ರ ಅಂಕಿಯಲ್ಲಿ ಕಾಣುತ್ತದೆ. ಹೀಗಿರಲಾಗಿ ಲೆಕ್ಕವು ದಿನದಿನಕ್ಕೆ ಕೆಳಗಿಳಿಯುತ್ತಿದೆಯೆಂಬ ಗೋಳಾಟವು ಪೂರ್ತಿ ಸರಿಯಲ್ಲ. ಅದು ತಳದಲ್ಲಿಯೇ ನಿಂತಿದೆ, ಎದ್ದಿಲ್ಲವೆಂಬದೇ ನಿಜ. ಎಂಟು ವರುಷ ಶಾಲೆಯಲ್ಲಿ ಕುಳಿತ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಭಾಗಾಕಾರವಿಲ್ಲದೆ ಹೈಸ್ಕೂಲಿನ ಮೆಟ್ಟಲು ಹತ್ತುತ್ತಾರೆ. ನಾವು ಅವರಿಗೆ ಬೀಜಗಣಿತವನ್ನು ಬೋಧಿಸಲಿಕ್ಕೆ ನಿಲ್ಲುತ್ತೇವೆ.

ಈಗ ಬಾರದಿರುವದು ಯಾವದೆಂಬದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅದೇ ಸಂಸ್ಥೆಯವರು 2023ರಲ್ಲಿ 28 ಜಿಲ್ಲೆಗಳಲ್ಲಿ 14ರಿಂದ 18 ವರುಷದವರನ್ನು ಪರೀಕ್ಷಿಸಿದರು. ಅಳತೆಪಟ್ಟಿಯ ಮೇಲೆ ಒಂದು ವಸ್ತುವನ್ನು ಸೊನ್ನೆಯ ಗೆರೆಗೆ ಹಚ್ಚಿ ಇಟ್ಟಾಗ ಅದರ ಉದ್ದವನ್ನು ನೂರಕ್ಕೆ ಹೆಚ್ಚುಕಡಿಮೆ 85 ಮಂದಿ ಸರಿಯಾಗಿ ಹೇಳಿದರು. ಅದೇ ವಸ್ತುವನ್ನು ಸೊನ್ನೆಯಿಂದ ಸರಿಸಿ ನಡುವೆ ಎಲ್ಲಿಯೋ ಇಟ್ಟಾಗ ಸರಿಯಾಗಿ ಹೇಳಿದವರು 39 ಮಂದಿ ಮಾತ್ರ. ಪಾಲಕರು ಈ ಎರಡು ಅಂಕಿಗಳ ಮೇಲೆ ಒಂದು ಗಳಿಗೆ ಮನಸ್ಸು ನಿಲ್ಲಿಸಬೇಕೆಂದು ಬೇಡುತ್ತೇವೆ. ಈ ಮಕ್ಕಳಿಗೆ ಅಂಕಿಯನ್ನು ಓದಲಿಕ್ಕೆ ಬರುತ್ತದೆ. ಕಳೆಯಲಿಕ್ಕೂ ಅನೇಕರಿಗೆ ಬರುತ್ತದೆ. ಉದ್ದವೆಂದರೆ ಒಂದು ತುದಿಯಿಂದ ಇನ್ನೊಂದು ತುದಿಯ ವರೆಗಿನ ಅಂತರವೆಂಬ ಅರಿವು ಮಾತ್ರ ಇಲ್ಲ. ಕೊನೆಯ ಗೆರೆಯ ಎದುರಿಗಿರುವ ಅಂಕಿಯೇ ಉತ್ತರವೆಂದು ಅವರು ಕಲಿತಿದ್ದಾರೆ.

ಹೋದ ವರುಷ ಒಂಬತ್ತನೆಯ ಇಯತ್ತೆಯ ಹುಡುಗೆಯರನ್ನು ಶಿಗ್ಗಾಂವಿ ತಾಲೂಕಿನ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ನಿಗೆ ಕರೆದುಕೊಂಡು ಹೋಗಿದ್ದೆವು. ಹಿಂದಿನ ಹಳ್ಳಿಯ ಬದುಕನ್ನೂ ಕಸಬುಗಳನ್ನೂ ಅಲ್ಲಿ ಶಿಲ್ಪಗಳಲ್ಲಿ ತೋರಿಸಿದ್ದಾರೆ. ಹೊರಗೆ ಬಂದಾಗ ದಾರಿಯ ಬದಿಯಲ್ಲಿ ಒಬ್ಬ ಮುದುಕಿ ಶೇಂಗಾ ಮಾರುತ್ತಿದ್ದಳು. ಕಿಲೋಕ್ಕೆ 80 ರೂಪಾಯಿ. ಹುಡುಗೆಯರು ಮುಕ್ಕಾಲು ಕಿಲೋ ಕೇಳಿದರು. ಮುದುಕಿಗೆ ಅಕ್ಷರ ಬಾರದು. ಅವಳು ತಕ್ಕಡಿಯಿಂದ ಕಣ್ಣೆತ್ತದೆಯೇ, ಅರ್ಧಕ್ಕೆ ನಲವತ್ತು, ಕಾಲಿಗೆ ಇಪ್ಪತ್ತು, ಅರವತ್ತು ಕೊಡಿರವ್ವಾ ಎಂದಳು. ಅಷ್ಟರಲ್ಲಿ ನಮ್ಮ ಹುಡುಗೆಯೊಬ್ಬಳು ಅಂಗೈಯ ಮೇಲೆ ಪೆನ್ನಿನಿಂದ 80ನ್ನು 0.75ರಿಂದ ಗುಣಿಸಿ ಮುಗಿಸಿದ್ದಳು. ದಶಮಾಂಶದ ಬಿಂದು ಒಂದು ಮನೆ ಸರಿದಿತ್ತು. ಅವಳ ಉತ್ತರ 600. ಗುಣಾಕಾರ ಒಂದೂ ತಪ್ಪಿರಲಿಲ್ಲ. ಬಿಂದು ಸರಿಯುವದು ದೊಡ್ಡ ಮಾತಲ್ಲ. ದೊಡ್ಡವರ ಕೈಯಲ್ಲಿಯೂ ಸರಿಯುತ್ತದೆ. ಒಂದು ಕಿಲೋಕ್ಕೆ 80 ಇರುವಾಗ ಅದಕ್ಕಿಂತ ಕಡಿಮೆ ಶೇಂಗಾಕ್ಕೆ 600 ಆಯಿತಲ್ಲಾ ಎಂದು ಆ ಮಗು ಬೆರಗಾಗಲಿಲ್ಲ. ಸಂಗಡ ನೋಡುತ್ತಿದ್ದ ನಾಲ್ವರೂ ಬೆರಗಾಗಲಿಲ್ಲ.

ನಮ್ಮ ಮತದಲ್ಲಿ ಇಂದಿನ ಮಕ್ಕಳು ಕಳೆದುಕೊಂಡದ್ದು ಈ ಬೆರಗು. ಉತ್ತರ ಎಷ್ಟರ ಆಸುಪಾಸಿನಲ್ಲಿರಬೇಕೆಂಬ ಅಂದಾಜು ಮೊದಲು ಮನಸ್ಸಿನಲ್ಲಿದ್ದರೆ ಮಾತ್ರ ತಪ್ಪು ಉತ್ತರವು ಕಣ್ಣಿಗೆ ಚುಚ್ಚುತ್ತದೆ. ಅಂದಾಜಿಲ್ಲದವಳಿಗೆ 60 ಎಂದರೂ ಅಷ್ಟೇ, 600 ಎಂದರೂ ಅಷ್ಟೇ. ಫೋನಿನಲ್ಲಿರುವ ಗಣಕಯಂತ್ರವೇ ಇದಕ್ಕೆಲ್ಲ ಕಾರಣವೆಂದು ಹಲವರು ಹೇಳುತ್ತಾರೆ. ಹಾಗಲ್ಲ. ಅಂದಾಜುಳ್ಳವಳ ಕೈಯಲ್ಲಿ ಆ ಯಂತ್ರವು ಒಳ್ಳೆಯ ಆಳು. ಇಲ್ಲದವಳಿಗೆ ಅದು ಒಡೆಯನಾಗುತ್ತದೆ. ಅದು ಬರುವದಕ್ಕೆ ಮೊದಲೇ ನಮ್ಮ ಶಾಲೆಗಳಲ್ಲಿ ಲೆಕ್ಕವು ವಸ್ತುವಿನಿಂದ ಬೇರೆಯಾಗಿ, ಹಲಗೆಯ ಮೇಲಿನ ಗೆರೆಗಳ ಆಟವಾಗಿಹೋಗಿತ್ತು.

ನಮ್ಮ ನಾಡಿನಲ್ಲಿ ಲೆಕ್ಕದ ವಿದ್ಯೆಯು ಹೀಗೆ ಇರಲಿಲ್ಲ. ಸುಮಾರು 850ನೆಯ ಇಸವಿಯಲ್ಲಿ ನೃಪತುಂಗನೆನಿಸಿದ ಅಮೋಘವರ್ಷನ ಕಾಲದಲ್ಲಿ ಮಹಾವೀರಾಚಾರ್ಯನು ಗಣಿತಸಾರಸಂಗ್ರಹವನ್ನು ಬರೆದನು. ಅಡಿಗೆ, ವೈದ್ಯ, ಸಂಗೀತ, ಮನೆಕಟ್ಟುವಿಕೆ ಇವೆಲ್ಲವುಗಳಲ್ಲಿ ಗಣಿತವು ಬೇಕೆಂದು ಅವನು ಗ್ರಂಥದ ಆರಂಭದಲ್ಲಿಯೇ ಹೇಳುತ್ತಾನೆ. ಹನ್ನೆರಡನೆಯ ಶತಮಾನದ ರಾಜಾದಿತ್ಯನು ಗಣಿತವನ್ನು ಕನ್ನಡದಲ್ಲಿಯೇ ಬರೆದನು. ಅವನ ಒಂದು ಗ್ರಂಥದ ಹೆಸರೇ ವ್ಯವಹಾರಗಣಿತ, ಇನ್ನೊಂದರದು ಕ್ಷೇತ್ರಗಣಿತ. ವ್ಯವಹಾರ, ಹೊಲ, ಮನೆ ಇವುಗಳ ನಡುವೆ ಹುಟ್ಟಿದ ವಿದ್ಯೆಯಿದು.

ಇಲ್ಲಿ ನಮ್ಮ ಭಾಷೆಯ ವಿಷಯವಾಗಿಯೂ ಕೆಲವು ಮಾತುಗಳು ಅವಶ್ಯ. ಕನ್ನಡದ ಸಂಖ್ಯಾನಾಮಗಳು ಮಕ್ಕಳಿಗೆ ಬಹಳ ಅನುಕೂಲವಾದವುಗಳು. ನಾಲ್ವತ್ತೇಳು ಎಂಬ ಶಬ್ದದಲ್ಲಿ ನಾಲ್ಕು ಹತ್ತುಗಳೂ ಏಳು ಬಿಡಿಗಳೂ ಬರೆಯುವ ಕ್ರಮದಲ್ಲಿಯೇ ಕೇಳಿಸುತ್ತವೆ. ಉರ್ದೂ ಮರಾಠಿಗಳಲ್ಲಿ ಹಾಗಿಲ್ಲ. ಅಲ್ಲಿ ತೊಂಬತ್ತೊಂಬತ್ತರ ವರೆಗೆ ಹೆಚ್ಚುಕಡಿಮೆ ಪ್ರತಿಯೊಂದು ಹೆಸರನ್ನೂ ಬೇರೆಬೇರೆಯಾಗಿ ಬಾಯಿಪಾಠ ಮಾಡಬೇಕು, ಬಿಡಿಯ ಹೆಸರು ಮೊದಲು ಬರುತ್ತದೆ, ಹತ್ತಿನದು ಆಮೇಲೆ. ಸವಣೂರಿನ ಕಡೆಯಿಂದ ಬರುವ ನಮ್ಮ ಉರ್ದೂ ಮನೆಮಾತಿನ ಹುಡುಗೆಯರು 47ನ್ನು ಕೇಳಿ 74 ಬರೆದರೆ ಅವರನ್ನು ಜರೆಯಬಾರದು. ಅವರ ಕಿವಿಯು ಏಳನ್ನೇ ಮೊದಲು ಕೇಳಿರುತ್ತದೆ. ಇಂಗ್ಲಿಷಿನಲ್ಲಿ ಥರ್ಟೀನ್, ಥರ್ಟಿ ಎಂಬವುಗಳು ಕಿವಿಗೆ ಒಂದೇ ತರಹವಾಗಿವೆ. ಕನ್ನಡದ ಹದಿಮೂರು, ಮೂವತ್ತು ಎಂಬವುಗಳನ್ನು ಯಾವ ಮಗುವೂ ಕಲಸಲಾರದು. ಹಳ್ಳಿಯ ಮಕ್ಕಳೂ ಈಗ ಇಂಗ್ಲಿಷಿನಲ್ಲಿ ಎಣಿಸುತ್ತಾರೆ, ಮನೆಯಲ್ಲಿ ಕನ್ನಡದಲ್ಲಿ ವ್ಯಾಪಾರ ಕೇಳುತ್ತಾರೆ. ಎರಡೂ ಒಂದೇ ಸಂಖ್ಯೆಯೆಂಬದು ಅವರಿಗೆ ಬೇಗ ಹೊಳೆಯುವದಿಲ್ಲ.

ಬಾಯಿ ಬಲ್ಲದ್ದನ್ನು ಕೈ ಮರೆಯುವದಕ್ಕೆ ಎರಡು ಉದಾಹರಣೆಗಳನ್ನು ಕೊಡುವೆವು. ಪ್ರಾಥಮಿಕ ಶಾಲೆಯಲ್ಲಿ ಕಲಿಸುವ ಹಳೆಯ ವಿದ್ಯಾರ್ಥಿನಿಯರು ಇವುಗಳನ್ನು ದಿನಾಲು ಕಾಣುತ್ತಿರಬಹುದು. ಎರಡು ನೂರ ಐದು ಎಂದು ಹೇಳಿದರೆ ಮಗು 2005 ಎಂದು ಬರೆಯುತ್ತದೆ. ಅದು ಕಿವಿಗೆ ಕೇಳಿಸಿದ ಇನ್ನೂರನ್ನು ಬರೆದು ಅದರ ಬಾಲಕ್ಕೆ ಐದನ್ನು ಅಂಟಿಸಿದೆ. ಮಗು ದಡ್ಡನಲ್ಲ, ಮನೆಗಳ ಬೆಲೆ ಅದಕ್ಕೆ ತಿಳಿದಿಲ್ಲ. ಎರಡನೆಯದು: 612ನ್ನು 6ರಿಂದ ಭಾಗಿಸು ಎಂದರೆ ಹತ್ತರಲ್ಲಿ ನಾಲ್ಕೈದು ಹುಡುಗೆಯರು 12 ಎಂದು ಬರೆಯುತ್ತಾರೆ. ಆರು ಒಂದಲೆ ಆರು; ಒಂದರಲ್ಲಿ ಆರು ಹೋಗುವದಿಲ್ಲ, ಕೆಳಗಿಳಿಸು; ಆರು ಎರಡಲೆ ಹನ್ನೆರಡು. ಸೊನ್ನೆ ಬಿದ್ದುಹೋಯಿತು. ಅದೇ ಹುಡುಗೆಯನ್ನು ಹತ್ತಿರ ಕರೆದು, ಆರುನೂರ ಹನ್ನೆರಡು ರೂಪಾಯಿಗಳನ್ನು ಆರು ಮಂದಿ ಅಕ್ಕತಂಗಿಯರಿಗೆ ಹಂಚಮ್ಮಾ ಎಂದು ಬಾಯಲ್ಲಿ ಕೇಳಿರಿ. ತಲೆಗೆ ನೂರಾ ಎರಡು ಎಂದು ತಟ್ಟನೆ ಹೇಳುತ್ತಾಳೆ. ಆರುನೂರು ಎಂಬ ಶಬ್ದವೇ ಅವಳಿಗೆ ಹಾದಿ ತೋರಿಸಿತು. ಹಾಗಾದ ಮೇಲೆ ಹಲಗೆಯ ಲೆಕ್ಕವನ್ನು ತೋರಿಸಿ, ನಿನ್ನ ಎರಡು ಉತ್ತರಗಳಲ್ಲಿ ಯಾವದು ನಿಜವೆಂದು ಕೇಳಿದರೆ, ಹಲಗೆಯ ಮೇಲಿನದೇ ನಿಜವಾಗಿರಬೇಕೆಂದು ಹೇಳುವವರೂ ಉಂಟು! ಬರೆದದ್ದಕ್ಕೆ ಅಷ್ಟು ಮರ್ಯಾದೆ, ತನ್ನ ಬುದ್ಧಿಗೆ ಅಷ್ಟು ಅವಿಶ್ವಾಸ. ಹೆಣ್ಣುಮಕ್ಕಳಲ್ಲಿ ಈ ಅವಿಶ್ವಾಸವು ಹೆಚ್ಚೆಂಬದು ನಮ್ಮ ಅನುಭವ.

ಇನ್ನು ನೌಕರಿಯನ್ನು ಹುಡುಕುವವರ ಸಂಗತಿ. ಶಾಲೆ ಬಿಟ್ಟು, ಕಾಲೇಜು ಮುಗಿಸಿ, ಧಾರವಾಡದಲ್ಲಿ ಕೋಣೆ ಹಿಡಿದು ಸ್ಪರ್ಧಾಪರೀಕ್ಷೆಗಳಿಗೆ ಓದುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಆಗಾಗ ಬಂದು ಕಾಣುತ್ತಾರೆ. 2024ರಲ್ಲಿ ಒಂದು ಸಾವಿರ ಗ್ರಾಮ ಆಡಳಿತ ಅಧಿಕಾರಿಗಳ ಸ್ಥಾನಗಳಿಗೆ ಪರೀಕ್ಷೆ ನಡೆದಾಗ ಅಂಥ ಒಬ್ಬಳು ಲೆಕ್ಕದ ಪುಸ್ತಕವನ್ನು ಹಿಡಿದು ಬಂದಳು. ಪುಸ್ತಕದಲ್ಲಿ ಪ್ರತಿಯೊಂದು ಲೆಕ್ಕಕ್ಕೂ ಒಂದೊಂದು ಉಪಾಯ, ಅಂದರೆ ಅವರು ಟ್ರಿಕ್ ಎಂದು ಕರೆಯುವದು. ರೈಲು ಕಂಬವನ್ನು ದಾಟಿದರೆ ಒಂದು, ಸೇತುವೆಯನ್ನು ದಾಟಿದರೆ ಇನ್ನೊಂದು. ಅವಳು ನೂರಾರು ಉಪಾಯಗಳನ್ನು ಬಾಯಿಪಾಠ ಮಾಡಿದ್ದಳು. ಪುಸ್ತಕವನ್ನು ಮುಚ್ಚಿಸಿ, ಅವಳ ತಂದೆಯ ಹೊಲದ ಉತಾರವನ್ನು ಓದೆಂದು ಹೇಳಿದೆವು. ಯಾಕಂದರೆ ಆಕೆ ಬಯಸಿದ ಕೆಲಸದಲ್ಲಿ ನಾಳೆ ದಿನಾಲು ನೋಡಬೇಕಾದದ್ದು ಅದನ್ನೇ. ಉತಾರದಲ್ಲಿ ಎರಡು ಎಕರೆ ಇಪ್ಪತ್ತು ಗುಂಟೆಯೆಂಬದನ್ನು ಎರಡು, ಚುಕ್ಕಿ, ಇಪ್ಪತ್ತು ಎಂಬಂತೆ ಬರೆದಿರುತ್ತದೆ. ಅವಳು ಅದನ್ನು ದಶಮಾಂಶವೆಂದು ತಿಳಿದು ಎರಡೂ ಎರಡಂಶ ಎಕರೆ ಎಂದು ಓದಿದಳು. ಎಕರೆಗೆ ನಾಲ್ವತ್ತು ಗುಂಟೆ. ಇಪ್ಪತ್ತು ಗುಂಟೆಯೆಂದರೆ ಅರ್ಧ ಎಕರೆ. ಹೊಲವಿರುವದು ಎರಡೂವರೆ ಎಕರೆ. ಕಾಗದದ ಮೇಲೆ ಹನ್ನೆರಡು ಗುಂಟೆ ಹೊಲವು ಮಾಯವಾಯಿತು! ಅದೇ ರೀತಿಯಾಗಿ ಒಂದು ಎಕರೆ ಮೂವತ್ತೊಂಬತ್ತು ಗುಂಟೆಗೆ ಐದು ಗುಂಟೆ ಕೂಡಿಸಿದರೆ ಎರಡು ಎಕರೆ ನಾಲ್ಕು ಗುಂಟೆಯಾಗಬೇಕು. ಅವಳ ಲೆಕ್ಕದಲ್ಲಿ ಅದು ಒಂದೂ ನಾಲ್ವತ್ನಾಲ್ಕು ಆಯಿತು. ಅಕ್ಷರ ಬಾರದ ಅವಳ ತಂದೆಯು ಈ ತಪ್ಪನ್ನು ಎಂದೂ ಮಾಡಲಾರನು.

ಸಾಮಾನ್ಯ ಜ್ಞಾನವೆಂದು ಕರೆಯುವದರ ಗತಿಯೂ ಇದೇ. ಮೇಲೆ ಹೇಳಿದ ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪಿತವಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಜಾನಪದ ವಿಶ್ವವಿದ್ಯಾಲಯ ಎಲ್ಲಿದೆ ಎಂಬ ಪ್ರಶ್ನೆಗೆ ಈ ಪರೀಕ್ಷಾರ್ಥಿಗಳು ನಿದ್ದೆಯಲ್ಲಿಯೂ ಉತ್ತರ ಹೇಳುತ್ತಾರೆ: ಗೊಟಗೋಡಿ, ಶಿಗ್ಗಾಂವಿ ತಾಲೂಕು, ಹಾವೇರಿ ಜಿಲ್ಲೆ. ಹಾವೇರಿ ಜಿಲ್ಲೆ ಎಂದು ಆಯಿತು ಎಂದರೆ 1997 ಎಂದು ಹೇಳುತ್ತಾರೆ. ಆದರೆ ಹುಬ್ಬಳ್ಳಿಯಿಂದ ಹಾವೇರಿಗೆ ಹೋಗುವ ಹೆದ್ದಾರಿಯಲ್ಲಿ ನೂರು ಸಾರೆ ಓಡಾಡಿದವಳಿಗೆ, ತಾನು ಪಾಠ ಮಾಡಿದ ಗೊಟಗೋಡಿಯೂ ಬಸ್ಸಿನ ಕಿಟಕಿಯಿಂದ ಕಂಡ ಗೊಟಗೋಡಿಯೂ ಒಂದೇ ಎಂದು ತಿಳಿದಿರಲಿಲ್ಲ. ರಾಜ್ಯದ ಜನಸಂಖ್ಯೆಯನ್ನು ಕೇಳಿದರೆ ಒಬ್ಬಳು ಆರು ಲಕ್ಷವೆಂದು ಬರೆದಿದ್ದಳು. 2011ರ ಗಣತಿಯಲ್ಲಿ ಅದು ಆರು ಕೋಟಿ ಹನ್ನೊಂದು ಲಕ್ಷ. ಹುಬ್ಬಳ್ಳಿ ಧಾರವಾಡಗಳೆರಡರಲ್ಲಿಯೇ ಆರು ಲಕ್ಷಕ್ಕೂ ಹೆಚ್ಚು ಜನರು ತುಂಬಿರುವರೆಂಬದು ಹೊಳೆದಿದ್ದರೆ ಲೇಖನಿಯು ನಿಲ್ಲುತ್ತಿತ್ತು. ಲೆಕ್ಕದಲ್ಲಿ ಇಲ್ಲದ ಬೆರಗು ಇಲ್ಲಿಯೂ ಇಲ್ಲ.

ಇದರಿಂದ ಒಂದೆರಡು ಅಂಕಗಳು ಹೋದರೆ ಹೋಗಲಿ ಎಂದು ಯಾರಾದರೂ ಅನ್ನಬಹುದು. ಹೋಗುವದು ಅಂಕಗಳು ಮಾತ್ರವಾಗಿದ್ದರೆ ನಾವು ಈ ಲೇಖನವನ್ನು ಬರೆಯುತ್ತಿರಲಿಲ್ಲ. 2023ರ ಅದೇ ಅಸರ್ ಪರೀಕ್ಷೆಯಲ್ಲಿ, ಕಳೆಯುವದನ್ನಾದರೂ ಬಲ್ಲ ಯುವಕ ಯುವತಿಯರಿಗೆ ಮನೆವಾರ್ತೆಯ ಲೆಕ್ಕಗಳನ್ನು ಕೊಟ್ಟರು. ಖರ್ಚಿನ ಅಂದಾಜುಪಟ್ಟಿಯನ್ನು ನೂರಕ್ಕೆ 60ಕ್ಕಿಂತ ಹೆಚ್ಚು ಮಂದಿ ಸರಿಯಾಗಿ ಮಾಡಿದರು. ಸೋಡಿ ಕಳೆದು ಬೆಲೆ ಹೇಳಿದವರು ಸುಮಾರು 37 ಮಂದಿ. ಸಾಲವನ್ನು ಬಡ್ಡಿ ಸಹಿತ ಎಷ್ಟು ತೀರಿಸಬೇಕೆಂಬದನ್ನು ಹೇಳಬಲ್ಲವರು ಹೆಚ್ಚುಕಡಿಮೆ 10 ಮಂದಿ. ನೂರಕ್ಕೆ ಹತ್ತು! ನಮ್ಮ ಹುಡುಗೆಯರಲ್ಲಿ ಹೆಚ್ಚಿನವರು ಇಪ್ಪತ್ತೈದು ತುಂಬುವಷ್ಟರಲ್ಲಿ ಯಾವದಾದರೊಂದು ಸಂಘದಲ್ಲಿ ಕುಳಿತು ಸಾಲದ ಕಾಗದಕ್ಕೆ ಸಹಿ ಹಾಕುವವರು. ಅವರ ತಾಯಂದಿರು ಹೆಬ್ಬೆಟ್ಟು ಒತ್ತುತ್ತಿದ್ದರು. ಇವರು ಅಂದವಾದ ಸಹಿ ಹಾಕುತ್ತಾರೆ. ಒಳಗೆ ಬರೆದಿರುವ ಬಡ್ಡಿ ತಿಳಿಯದಿದ್ದರೆ ಈ ಎರಡಕ್ಕೂ ಏನು ಭೇದ?

ಒಂದು ಲೆಕ್ಕವನ್ನು ಬಿಡಿಸಿ ತೋರಿಸುವೆವು. ಒಬ್ಬಳು 10,000 ರೂಪಾಯಿ ಸಾಲ ತೆಗೆಯುತ್ತಾಳೆ. ಬಡ್ಡಿ ವರುಷಕ್ಕೆ ನೂರಕ್ಕೆ 12, ಹನ್ನೆರಡು ತಿಂಗಳ ಸಮನಾದ ಕಂತುಗಳು. ಬಡ್ಡಿ 1,200 ಆಯಿತು, ಕೂಡಿಸಿ 11,200, ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 933 ರೂಪಾಯಿ ಚಿಲ್ಲರೆ. ನೂರಕ್ಕೆ ಹನ್ನೆರಡೆಂದರೆ ಹಗುರವೇ ಎಂದು ಅವಳು ತಿಳಿಯುತ್ತಾಳೆ. ಆದರೆ 10,000 ರೂಪಾಯಿ ಅವಳ ಕೈಯಲ್ಲಿ ವರುಷವೆಲ್ಲ ಇತ್ತೇ? ಇರಲಿಲ್ಲ. ಮೊದಲನೆಯ ತಿಂಗಳು ಇತ್ತು. ಎರಡನೆಯ ತಿಂಗಳಿಗೆ ಅಸಲಿನಲ್ಲಿ 833 ಹೋಯಿತು. ಕೊನೆಯ ತಿಂಗಳಿನಲ್ಲಿ ಉಳಿದದ್ದು 833 ಮಾತ್ರ. ಸರಾಸರಿ ಹಿಡಿದರೆ ಅವಳ ಕೈಯಲ್ಲಿದ್ದದ್ದು ಸುಮಾರು 5,400 ರೂಪಾಯಿ. ಅಷ್ಟಕ್ಕೆ 1,200 ಬಡ್ಡಿಯೆಂದರೆ ನೂರಕ್ಕೆ ಹನ್ನೆರಡಲ್ಲ, ಇಪ್ಪತ್ತೊಂದಕ್ಕೂ ಮಿಕ್ಕಿತು. ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕುವ ಪದ್ಧತಿಯೂ ಉಂಟು; ಅಲ್ಲಿ ಹೇಳಿದ ದರವೇ ನಿಜವಾದ ದರ. ಎರಡು ಕಾಗದಗಳಲ್ಲಿಯೂ 12 ಎಂದೇ ಅಚ್ಚಾಗಿರಬಹುದು. ಇದನ್ನು ಬಿಡಿಸಲಿಕ್ಕೆ ಬೇಕಾದದ್ದು ಕೂಡಿಸುವದು, ಭಾಗಿಸುವದು ಇವೆರಡೇ. ಮತ್ತು ನನ್ನ ಕೈಯಲ್ಲಿ ಹಣ ಎಷ್ಟು ದಿನ ಇತ್ತು ಎಂದು ಕೇಳುವ ಬುದ್ಧಿ. ಕಿರುಸಾಲದ ವಸೂಲಿಯಲ್ಲಿ ಬಲಾತ್ಕಾರವನ್ನು ತಡೆಯಲಿಕ್ಕೆ 2025ರ ಫೆಬ್ರುವರಿಯಲ್ಲಿ ನಮ್ಮ ಸರಕಾರವು ಅಧ್ಯಾದೇಶವನ್ನೇ ಹೊರಡಿಸಬೇಕಾಯಿತು. ಮನೆಯ ಮುಂದೆ ಬಂದು ನಿಲ್ಲುವವನನ್ನು ಕಾಯಿದೆಯು ತಡೆಯಬಹುದು. ಸಹಿ ಹಾಕುವ ಹೊತ್ತಿನಲ್ಲಿ ಕಾಯಿದೆ ಪಕ್ಕದಲ್ಲಿ ಕುಳಿತಿರುವದಿಲ್ಲ. ಗೋಪುರವನ್ನು ಕಟ್ಟತಕ್ಕವನು ಮೊದಲು ಕುಳಿತು ಖರ್ಚನ್ನು ಎಣಿಸಬೇಕೆಂದು ಲೂಕನ ಸುವಾರ್ತೆಯಲ್ಲಿ ಕರ್ತನು ಕೊಟ್ಟ ದೃಷ್ಟಾಂತವನ್ನು ನಮ್ಮ ಹುಡುಗೆಯರು ಸತ್ಯವೇದ ಪಾಠದಲ್ಲಿ ಚೆನ್ನಾಗಿ ಒಪ್ಪಿಸುತ್ತಾರೆ. ಅದರ ಮುಂದಿನ ತಾಸು ಲೆಕ್ಕದ್ದು. ಎರಡಕ್ಕೂ ಸಂಬಂಧವಿದೆಯೆಂದು ಅವರಿಗೆ ತೋರುವಂತೆ ಮಾಡುವದು ನಮ್ಮ ಕೆಲಸ.

ಶಾಲೆಯಲ್ಲಿ ಮಾಡುತ್ತಿರುವದನ್ನು ಸಂಕ್ಷೇಪವಾಗಿ ತಿಳಿಸುವೆವು. ಲೆಕ್ಕದ ಪ್ರತಿಯೊಂದು ತಾಸಿನ ಮೊದಲ ಹತ್ತು ನಿಮಿಷ ಬಾಯಿಲೆಕ್ಕ. ಪಾಟಿ ಪುಸ್ತಕಗಳು ಮುಚ್ಚಿರಬೇಕು. ಪುಸ್ತಕದಲ್ಲಿ ಲೆಕ್ಕವನ್ನು ಮಾಡುವದಕ್ಕೆ ಮೊದಲು ಅಂಚಿನಲ್ಲಿ ಅಂದಾಜಿನ ಉತ್ತರವನ್ನು ಬರೆಯಬೇಕು. ಅಂದಾಜು ತಪ್ಪಿದರೆ ಅಂಕ ಕಳೆಯುವದಿಲ್ಲ, ಬರೆಯದಿದ್ದರೆ ಕಳೆಯುತ್ತೇವೆ. ಎಂಟನೆಯ ಇಯತ್ತೆಗೆ ಬಂದವರಿಗೆ ಸೊನ್ನೆಯ ತುದಿಯನ್ನು ಮುರಿದ ಅಳತೆಪಟ್ಟಿಗಳನ್ನೇ ಕೊಡುತ್ತೇವೆ. ಮೊದಲನೆಯ ದಿನ, ಅಕ್ಕೋರೇ ಈ ಪಟ್ಟಿ ಕೆಟ್ಟಿದೆ ಎಂದು ತಿರುಗಿ ತಂದುಕೊಡುತ್ತಾರೆ. ಒಂದು ವಾರದಲ್ಲಿ ಮೂರನೆಯ ಗೆರೆಯಿಂದಲೂ ಅಳೆಯಲಿಕ್ಕೆ ಕಲಿಯುತ್ತಾರೆ. 33 ಅಡಿಯ ಹಗ್ಗದಿಂದ ಆಟದ ಬಯಲಿನಲ್ಲಿ ಒಂದು ಗುಂಟೆಯ ಚೌಕವನ್ನು ಗುರುತಿಸಿ ಸುಣ್ಣ ಹಾಕಿದ್ದೇವೆ. ಅದರೊಳಗೆ 1,089 ಚದರಡಿ ಇದೆಯೆಂದು ಪುಸ್ತಕದಿಂದ ತಿಳಿಯುವದು ಒಂದು; ಮಧ್ಯಾಹ್ನದ ಬಿಸಿಲಿನಲ್ಲಿ ಅದರ ಸುತ್ತಲೂ ನಡೆದು, ತನ್ನ ತಂದೆಯು ಇಂಥ ನೂರು ಚೌಕಗಳನ್ನು ಹರಗುತ್ತಾನೆಂದು ತಿಳಿಯುವದು ಇನ್ನೊಂದು. ಮಗ್ಗಿಯನ್ನು ಬಿಟ್ಟಿಲ್ಲ. ಬಾಯಿಪಾಠವೆಂದರೆ ಮೂಗು ಮುರಿಯುವ ಹೊಸ ಶಿಕ್ಷಣಶಾಸ್ತ್ರಿಗಳ ಮೇಲೆ ನಮಗೆ ಗೌರವವಿದೆಯಾದರೂ, ಏಳೆಂಟಲೆ ಎಷ್ಟೆಂದು ಹುಡುಕುತ್ತ ಕುಳಿತವಳಿಗೆ ಅಂದಾಜು ಮಾಡಲಿಕ್ಕೆ ಮನಸ್ಸು ಬಿಡುವಾಗುವದಿಲ್ಲ. ಕಾಲು, ಅರೆ, ಮುಕ್ಕಾಲುಗಳ ಮಗ್ಗಿಯನ್ನೂ ಹತ್ತರ ವರೆಗೆ ಹೇಳಿಸುತ್ತೇವೆ. ಇದರಿಂದ ಎಲ್ಲರೂ ಪಂಡಿತೆಯರಾದರೆಂದು ಹೇಳಲಾರೆವು. ಅಂಚಿನಲ್ಲಿ 60 ಎಂದು ಬರೆದು ಕೆಳಗೆ 600 ತಂದವಳು ಈಗ ಲೇಖನಿಯನ್ನು ತಡೆದು ಮೇಲೆ ನೋಡುತ್ತಾಳೆ, ಇಷ್ಟು ಕಂಡಿದ್ದೇವೆ.

ಪಾಲಕರಿಗೆ ಬೇಡುವದು ಸ್ವಲ್ಪ. ಸಂತೆಯಿಂದ ಬಂದ ಮೇಲೆ ಚೀಲವನ್ನು ಮಗಳ ಮುಂದೆ ಬರಿದುಮಾಡಿ ಲೆಕ್ಕ ಕೇಳಿರಿ. ವಿದ್ಯುತ್ತಿನ ಬಿಲ್ಲನ್ನೂ ಹೊಲದ ಉತಾರವನ್ನೂ ಸಂಘದ ಪಾಸ್ ಪುಸ್ತಕವನ್ನೂ ಅವಳ ಕೈಯಿಂದ ಓದಿಸಿರಿ. ಗಂಡುಮಗನ ಕೈಗೆ ಮಾತ್ರ ಕೊಡಬೇಡಿರಿ. ಅವಳು ತಡಮಾಡಿದರೆ ಕಾಯಿರಿ. ಈ ಕೆಳಗಿನವುಗಳನ್ನು ರಾತ್ರಿ ಊಟವಾದ ಮೇಲೆ, ಕಾಗದ ಫೋನುಗಳಿಲ್ಲದೆ, ಮೊದಲು ಅಂದಾಜು, ಆಮೇಲೆ ಉತ್ತರ ಎಂಬ ಕ್ರಮದಲ್ಲಿ ಕೇಳಬಹುದು.

ಕಿಲೋಕ್ಕೆ 240 ರೂಪಾಯಿಯ ಒಣಮೆಣಸಿನಕಾಯಿ ಒಂದೂಕಾಲು ಕಿಲೋಕ್ಕೆ ಎಷ್ಟು? ಸಾವಿರ ರೂಪಾಯಿಯ ಸೀರೆಗೆ ನೂರಕ್ಕೆ ಇಪ್ಪತ್ತು ಸೋಡಿ, ಆ ಮೇಲೆ ಉಳಿದದ್ದಕ್ಕೆ ನೂರಕ್ಕೆ ಹತ್ತು ಸೋಡಿ. ಒಟ್ಟಿಗೆ ಮುನ್ನೂರು ಬಿಟ್ಟ ಹಾಗಾಯಿತೇ? ಎರಡು ಎಕರೆ ಇಪ್ಪತ್ತು ಗುಂಟೆ ಹೊಲವನ್ನು ಇಬ್ಬರು ಗಂಡುಮಕ್ಕಳಿಗೂ ಒಬ್ಬ ಮಗಳಿಗೂ ಸಮನಾಗಿ ಹಂಚಿದರೆ ಒಬ್ಬೊಬ್ಬರಿಗೆ ಎಷ್ಟು ಗುಂಟೆ ಬರುತ್ತದೆ, ಉಳಿಯುವದೆಷ್ಟು?